ಹೆಸರಿಟ್ಟ ದುಡ್ಡು: ಫೀಸು, ಮುಯ್ಯಿ, ಹಬ್ಬ, ವಿಮೆಗೆ ಮೊದಲೇ ಹಣ ಎತ್ತಿಡುವುದು ಹೇಗೆ

ಮಂಡ್ಯ, ಮೈಸೂರು ಕಡೆಯ ಮನೆಗಳಲ್ಲಿ ಮಲೆ ಮಹದೇಶ್ವರನಿಗೋ ತಿರುಪತಿ ತಿಮ್ಮಪ್ಪನಿಗೋ ಮುಡಿಪು ಕಟ್ಟುವುದು ಹೊಸದೇನಲ್ಲ. ಅರಿಶಿನದ ಬಟ್ಟೆಯಲ್ಲಿ ದುಡ್ಡು ಗಂಟು ಹಾಕಿ ದೇವರ ಕೋಣೆಯಲ್ಲಿ ಇಡುತ್ತಾರೆ. ಎಷ್ಟೇ ಕಷ್ಟ ಬರಲಿ, ಆ ಗಂಟನ್ನು ಯಾರೂ ಬಿಚ್ಚುವುದಿಲ್ಲ. ಬೇಕಾದರೆ ಪಕ್ಕದ ಮನೆಯಲ್ಲಿ ಸಾಲ ತರುತ್ತಾರೆ. ಆದರೆ ಅದೇ ಮನೆಯಲ್ಲಿ ಮೇ ತಿಂಗಳ ಕೊನೆಗೆ ಮಕ್ಕಳ ಶಾಲೆ ಫೀಸಿಗೆ ಓಲೆ ಗಿರವಿಗೆ ಹೋಗುತ್ತದೆ. ಆ ಫೀಸು ಬರುತ್ತದೆ ಅಂತ ಹಿಂದಿನ ಜೂನ್‌ನಲ್ಲೇ ಗೊತ್ತಿತ್ತು, ಅಲ್ವಾ?

ದೇವರಿಗೆ ತೋರಿಸುವ ಶಿಸ್ತನ್ನು ಫೀಸಿಗೂ ವಿಮೆಗೂ ಮುಯ್ಯಿಗೂ ತೋರಿಸುವುದು ಹೇಗೆ ಅನ್ನುವುದೇ ಇಲ್ಲಿನ ವಿಷಯ. ಸುಮ್ನೆ ಉಳಿತಾಯ ಮಾಡುವುದು ಬೇರೆ, ಇದು ಬೇರೆ. ಹೆಸರಿಲ್ಲದ ಉಳಿತಾಯಕ್ಕೆ ಯಾರು ಬೇಕಾದರೂ ಕೈ ಹಾಕುತ್ತಾರೆ. ಇಲ್ಲಿ ಪ್ರತಿ ದುಡ್ಡಿಗೂ ಮೂರು ವಿಷಯ ಗೊತ್ತಿರಬೇಕು: ಯಾವುದಕ್ಕೆ, ಎಷ್ಟು, ಯಾವ ತಿಂಗಳಿಗೆ. ಆಸ್ಪತ್ರೆ, ಅಪಘಾತದಂಥ ಆಪತ್ತಿಗೆ ಇಡುವ ಹಣವೂ ಇದರಲ್ಲಿ ಸೇರುವುದಿಲ್ಲ. ಅದಕ್ಕೆ ತಾರೀಖು ಇರುವುದಿಲ್ಲ. ಅದನ್ನು ಬೇರೆಯಾಗಿಯೇ ಕೂಡಿಡಬೇಕು.

ಇದರಿಂದ ಲಾಭ ಎಷ್ಟು? ಬ್ಯಾಂಕಿನ ಆರ್‌ಡಿ (ತಿಂಗಳು ತಿಂಗಳು ಕಟ್ಟುವ ಠೇವಣಿ) ಬಡ್ಡಿ ನೋಡಿದರೆ ನಗು ಬರಬಹುದು. ವರ್ಷಕ್ಕೆ ಆರೇಳು ಪರ್ಸೆಂಟ್ ಆಸುಪಾಸು, ಅದೂ ಸಣ್ಣ ಮೊತ್ತಕ್ಕೆ. ನಿಜವಾದ ಲಾಭ ಕಟ್ಟದೆ ಉಳಿಯುವ ಬಡ್ಡಿಯಲ್ಲಿದೆ. ಊರಿನಲ್ಲಿ ತಿಂಗಳಿಗೆ ನೂರಕ್ಕೆ ಮೂರರ ಬಡ್ಡಿಗೆ ಕೈಸಾಲ ತಂದರೆ ವರ್ಷಕ್ಕೆ 36 ಪರ್ಸೆಂಟ್ ಆಯಿತು. 20,000 ರೂಪಾಯಿ ಫೀಸಿಗೆ ಸಾಲ ತಂದು ಆರು ತಿಂಗಳಿಗೆ ತೀರಿಸಿದರೆ ಬಡ್ಡಿಯೇ 3,600. ಸಣ್ಣ ಸಾಲಗಳ ವಸೂಲಿ ಕಿರುಕುಳ ತಡೆಯಲು 2025ರಲ್ಲಿ ರಾಜ್ಯ ಸರ್ಕಾರ ಸುಗ್ರೀವಾಜ್ಞೆಯನ್ನೇ ತರಬೇಕಾಯಿತು. ಅಂಥ ಸಾಲಗಳಲ್ಲಿ ಒಂದು ಪಾಲು ಮೊದಲೇ ಗೊತ್ತಿದ್ದ ಖರ್ಚಿಗೆ ತಂದದ್ದೇ ಇರುತ್ತದೆ.

ಹಂತ 1: ವರ್ಷದ ಖರ್ಚನ್ನು ತಿಂಗಳು ತಿಂಗಳಾಗಿ ಬರೆಯಿರಿ

ಎಲ್ಲಕ್ಕಿಂತ ಮುಖ್ಯ ಕೆಲಸ ಇದೇ. ಇದಕ್ಕೆ ಒಂದು ಭಾನುವಾರ ಪೂರ್ತಿ ಕೊಡಿ. ಗೋಡೆಯ ಮೇಲಿನ ಕ್ಯಾಲೆಂಡರ್ ಕೆಳಗಿಳಿಸಿ. ಬ್ಯಾಂಕ್ ಪಾಸ್‌ಬುಕ್, ಫೋನ್‌ಪೇ ಅಥವಾ ಗೂಗಲ್‌ಪೇಯ ಹಳೆಯ ಪಾವತಿಗಳು, ಎಲ್‌ಐಸಿ ರಸೀದಿ, ಗಾಡಿಯ ವಿಮೆ ಪತ್ರ, ಶಾಲೆಯ ರಸೀದಿ, ಮನೆಯಲ್ಲಿರುವ ಮುಯ್ಯಿ ಪುಸ್ತಕ ಎಲ್ಲವನ್ನೂ ಹತ್ತಿರ ಇಟ್ಟುಕೊಳ್ಳಿ. ಗಂಡ ಹೆಂಡತಿ ಇಬ್ಬರೂ ಕೂರಬೇಕು. ಅತ್ತೆಯೋ ಅಮ್ಮನೋ ಇದ್ದರೆ ಅವರನ್ನೂ ಕೂರಿಸಿಕೊಳ್ಳಿ. ಯಾವ ನೆಂಟರ ಮನೆಯಲ್ಲಿ ಮದುವೆ ಬರುತ್ತದೆ ಅಂತ ಅವರಿಗೆ ಗೊತ್ತಿರುವಷ್ಟು ಬೇರೆ ಯಾರಿಗೂ ಗೊತ್ತಿರುವುದಿಲ್ಲ.

ಯುಗಾದಿಯಿಂದ ಶುರು ಮಾಡಿ. ಯುಗಾದಿಗೆ ಬಟ್ಟೆ, ಮಾರನೆಯ ದಿನ ಹೊಸತೊಡಕು. ನಮ್ಮ ಕಡೆ ಹೊಸತೊಡಕಿನ ಮಾಂಸಕ್ಕಾಗಿಯೇ ತಿಂಗಳು ತಿಂಗಳು ಚೀಟಿ ಕಟ್ಟುವವರಿದ್ದಾರೆ. ಹಬ್ಬದ ಬಾಡೂಟಕ್ಕೆ ವರ್ಷವಿಡೀ ಎತ್ತಿಡುವ ಜನಕ್ಕೆ ಫೀಸಿಗೆ ಎತ್ತಿಡುವುದು ಏನು ಮಹಾ ಕಷ್ಟ? (ಆ ಚೀಟಿ ನಡೆಸುವವರು ದುಡ್ಡಿನ ಜೊತೆ ಕಾಣೆಯಾದ ಸುದ್ದಿಗಳೂ ಆಗಾಗ ಬರುತ್ತವೆ. ಆ ಮಾತಿಗೆ ಮುಂದೆ ಬರುತ್ತೇನೆ.) ಏಪ್ರಿಲ್‌ನಲ್ಲಿ ಮನೆ ಕಂದಾಯ. ನಗರಪಾಲಿಕೆ, ನಗರಸಭೆ ವ್ಯಾಪ್ತಿಯಲ್ಲಿ ಏಪ್ರಿಲ್ ಒಳಗೆ ಪೂರ್ತಿ ಕಟ್ಟಿದರೆ 5 ಪರ್ಸೆಂಟ್ ರಿಯಾಯಿತಿ ಸಿಗುತ್ತದೆ. ದುಡ್ಡು ಸಿದ್ಧ ಇದ್ದವರಿಗೆ ಮಾತ್ರ ಸಿಗುವ ಲಾಭ ಇದು. ಏಪ್ರಿಲ್, ಮೇ ಅಂದರೆ ಮದುವೆ, ಊರ ಹಬ್ಬ, ಮಾರಮ್ಮನ ಹಬ್ಬ. ಅದರ ಬೆನ್ನಿಗೇ ಶಾಲೆ: ಫೀಸು, ಪುಸ್ತಕ, ಸಮವಸ್ತ್ರ, ಬೂಟು, ವ್ಯಾನಿನ ಮುಂಗಡ.

ಆಷಾಢದಲ್ಲಿ ಮದುವೆ ಇರುವುದಿಲ್ಲ. ಜೇಬಿಗೆ ಸ್ವಲ್ಪ ಉಸಿರು. ಜಮೀನು ಇರುವವರಿಗೆ ಮಾತ್ರ ಉಸಿರಿಲ್ಲ, ನಾಲೆಗೆ ನೀರು ಬಿಟ್ಟರೆ ಉಳುಮೆ, ನಾಟಿ, ಗೊಬ್ಬರದ ಖರ್ಚು ಶುರು. ಆಮೇಲೆ ವರಮಹಾಲಕ್ಷ್ಮಿ, ಗೌರಿ ಗಣೇಶ, ಹೆಣ್ಣುಮಕ್ಕಳಿಗೆ ಬಾಗಿನ, ಪಿತೃಪಕ್ಷದ ಎಡೆ. ಮೈಸೂರಿನಲ್ಲಿ ಮನೆ ಇರುವವರು ದಸರಾ ಎದುರಿಗೆ ಇನ್ನೊಂದು ಸಾಲು ಬರೆದುಕೊಳ್ಳಬೇಕು: ನೆಂಟರು. ಜಂಬೂ ಸವಾರಿ ನೋಡಲು ಬಂದವರು ಎರಡು ದಿನ ಉಳಿದರೆ ಗ್ಯಾಸು, ತರಕಾರಿ, ವಸ್ತುಪ್ರದರ್ಶನದ ಟಿಕೆಟ್ಟು, ಮಕ್ಕಳ ಕೈಗೆ ಕಾಸು ಎಲ್ಲ ಸೇರುತ್ತದೆ. ಇದನ್ನು ಖರ್ಚಿನ ಪಟ್ಟಿಯಲ್ಲಿ ಬರೆದವರನ್ನು ನಾನು ನೋಡಿಲ್ಲ. ಆದರೆ ಪ್ರತಿ ವರ್ಷ ಅಕ್ಟೋಬರ್‌ನಲ್ಲಿ ದುಡ್ಡು ಎಲ್ಲಿ ಹೋಯಿತು ಅಂತ ಕೇಳುವವರು ತುಂಬ ಜನ ಇದ್ದಾರೆ.

ದೀಪಾವಳಿ, ಸಂಕ್ರಾಂತಿ, ಶಿವರಾತ್ರಿ, ಶಾಲೆಯ ಪ್ರವಾಸ, ಬೆಟ್ಟಕ್ಕೆ ಹೋಗುವ ಹರಕೆ ಹೀಗೆ ಪಟ್ಟಿ ಮುಂದುವರಿಸಿ. ಗಾಡಿಯ ವಿಮೆ ಯಾವ ತಿಂಗಳು ಮುಗಿಯುತ್ತದೆ ಅಂತ ಪತ್ರ ತೆಗೆದು ನೋಡಿ. ನೆನಪನ್ನು ನಂಬಬೇಡಿ. ಪೂರ್ತಿ ವಿಮೆ ಮಾಡಿಸಿದ್ದರೆ, ಅವಧಿ ಮುಗಿದು 90 ದಿನದೊಳಗೆ ನವೀಕರಿಸದಿದ್ದರೆ ಕ್ಲೇಮ್ ಮಾಡದ ವರ್ಷಗಳಿಗೆ ಕೂಡಿಬಂದ ರಿಯಾಯಿತಿ ಹೋಗುತ್ತದೆ. ಐದು ವರ್ಷ ಕ್ಲೇಮ್ ಮಾಡದವರಿಗೆ ಆ ರಿಯಾಯಿತಿ 50 ಪರ್ಸೆಂಟ್‌ವರೆಗೆ ಇರುತ್ತದೆ.

ಮುಯ್ಯಿಯ ಬಗ್ಗೆ ಸ್ವಲ್ಪ ನಿಧಾನವಾಗಿ ಮಾತಾಡಬೇಕು. ಮಂಡ್ಯ ಸೀಮೆಯಲ್ಲಿ ಮನೆಯ ಬಜೆಟ್ ಕೆಡಿಸುವುದು ಜಾಸ್ತಿ ಇದೇ. ಮದುವೆಗೆ ಒಂದು ಮುಯ್ಯಿ, ಬೀಗರೂಟಕ್ಕೆ ಹೋಗಿಬರುವ ಖರ್ಚು, ನಾಮಕರಣ, ಗೃಹಪ್ರವೇಶ. ಒಂದೊಂದೂ ಸಣ್ಣದು ಅನ್ನಿಸುತ್ತದೆ. ಆದರೆ ಮುಯ್ಯಿ ಅಂದಾಜಿಗೆ ಸಿಗದ ಖರ್ಚೇನೂ ಅಲ್ಲ. ನಿಮ್ಮ ಮನೆಯ ಕಾರ್ಯಕ್ಕೆ ಯಾರು ಎಷ್ಟು ಹಾಕಿದರು ಅಂತ ಪುಸ್ತಕದಲ್ಲಿ ಇದೆ. ಅದನ್ನು ಮುಂದಿಟ್ಟುಕೊಂಡು, ಮದುವೆ ವಯಸ್ಸಿನ ಮಕ್ಕಳಿರುವ ಮನೆಗಳ ಎದುರಿಗೆ ಗುರುತು ಹಾಕಿ. ಅವರು ಹಾಕಿದ್ದಕ್ಕಿಂತ ಒಂದಿಷ್ಟು ಸೇರಿಸಿ ವಾಪಸ್ ಹಾಕುವುದು ವಾಡಿಕೆ. ಹಾಗಾಗಿ ಪುಸ್ತಕದಲ್ಲಿ 1,001 ಇದ್ದರೆ 1,500 ಅಂತ ಲೆಕ್ಕ ಹಿಡಿಯಿರಿ. ಹತ್ತಿರದ ಸಂಬಂಧವಾದರೆ ಬಟ್ಟೆ, ಪಾತ್ರೆ, ಕೆಲವೊಮ್ಮೆ ಚಿನ್ನವೂ ಬರುತ್ತದೆ. ಅಂಥ ಮದುವೆಯನ್ನು ಮುಯ್ಯಿಯ ಸಾಲಿನಲ್ಲಿ ಸೇರಿಸದೆ ಬೇರೆ ಸಾಲಾಗಿ ಬರೆಯಿರಿ. ಇನ್ನೊಂದು ಮಾತು: ನಿಮ್ಮ ಮನೆಯ ಮದುವೆಯಲ್ಲಿ ಬಂದ ಮುಯ್ಯಿ ಆದಾಯ ಅನ್ನಿಸಿದರೂ ಅದು ತೀರಿಸಬೇಕಾದ ಬಾಕಿ. ಬಂದ ದಿನವೇ ಅದರಲ್ಲಿ ಕಾಲು ಭಾಗವನ್ನಾದರೂ ಮುಂದಿನ ಮುಯ್ಯಿಗೆ ಎತ್ತಿಟ್ಟರೆ ಮುಂದಿನ ಎರಡು ವರ್ಷ ಹಗುರ.

ಹಂತ 2: ಎಷ್ಟು ತಿಂಗಳು ಉಳಿದಿದೆಯೋ ಅಷ್ಟರಿಂದ ಭಾಗಿಸಿ

ಇಲ್ಲಿ ಎಲ್ಲರೂ 12ರಿಂದ ಭಾಗಿಸುತ್ತಾರೆ. ಮೊದಲ ವರ್ಷ ಹಾಗೆ ಮಾಡಿದರೆ ಲೆಕ್ಕ ತಪ್ಪುತ್ತದೆ. ಮೂರು ತಿಂಗಳಲ್ಲಿ ಬರುವ ಹಬ್ಬಕ್ಕೆ ಹನ್ನೆರಡರಲ್ಲಿ ಒಂದು ಪಾಲಿನಂತೆ ಇಟ್ಟರೆ ಹಬ್ಬದ ಹೊತ್ತಿಗೆ ಕಾಲು ಭಾಗ ಮಾತ್ರ ಕೈಯಲ್ಲಿರುತ್ತದೆ.

ಒಂದು ಲೆಕ್ಕ ಹಾಕೋಣ. ಮೈಸೂರಿನ ಹೆಬ್ಬಾಳ ಕೈಗಾರಿಕಾ ಪ್ರದೇಶದಲ್ಲಿ ಕೆಲಸ, ಪ್ರತಿ ತಿಂಗಳು ಸಂಬಳ, ಇಬ್ಬರು ಮಕ್ಕಳು ಅಂತ ಇಟ್ಟುಕೊಳ್ಳಿ. ಜುಲೈ 1ಕ್ಕೆ ಶುರು ಮಾಡುತ್ತಾರೆ.

ಶಾಲೆಗೆ ಮೇನಲ್ಲಿ 42,000 ಬೇಕು. ಜುಲೈಯಿಂದ ಮೇವರೆಗೆ 11 ತಿಂಗಳು, ತಿಂಗಳಿಗೆ 3,850.
ಬೈಕಿನ ವಿಮೆ, ಸರ್ವಿಸ್ ಸೇರಿ ನವೆಂಬರ್‌ಗೆ 5,000. 5 ತಿಂಗಳು, ತಿಂಗಳಿಗೆ 1,000.
ಎಲ್‌ಐಸಿ ಜನವರಿಗೆ 14,400. 7 ತಿಂಗಳು, ತಿಂಗಳಿಗೆ 2,060.
ಮನೆ ಕಂದಾಯ ಏಪ್ರಿಲ್‌ಗೆ 4,000. 10 ತಿಂಗಳು, ತಿಂಗಳಿಗೆ 400.
ಗೌರಿ ಗಣೇಶ, ದಸರಾ ಸೇರಿ 9,000. ಸೆಪ್ಟೆಂಬರ್ ಒಳಗೆ ಬೇಕು. 3 ತಿಂಗಳು, ತಿಂಗಳಿಗೆ 3,000.
ಮುಯ್ಯಿ ವರ್ಷಕ್ಕೆ 12,000. ತಿಂಗಳಿಗೆ 1,000.

ಒಟ್ಟು ತಿಂಗಳಿಗೆ 11,310. ಇದನ್ನು ನೋಡಿದ ಕೂಡಲೇ ಪುಸ್ತಕ ಮುಚ್ಚಿಡುವವರೇ ಜಾಸ್ತಿ. ಸ್ವಲ್ಪ ತಾಳಿ. ವರ್ಷದ ಒಟ್ಟು ಖರ್ಚು 86,400. ಎಲ್ಲ ಖರ್ಚಿಗೂ 12 ತಿಂಗಳು ಮೊದಲೇ ಶುರು ಮಾಡಿದ್ದರೆ ತಿಂಗಳಿಗೆ 7,200 ಸಾಕಿತ್ತು. ಮೊದಲ ವರ್ಷದ ಭಾರ ತಡವಾಗಿ ಶುರು ಮಾಡಿದ್ದರಿಂದ ಬಂದದ್ದು, ಅದು ಕಳೆಯುತ್ತದೆ. ಸೆಪ್ಟೆಂಬರ್ ಮುಗಿದ ಮೇಲೆ ಹಬ್ಬದ 3,000 ನಿಲ್ಲುತ್ತದೆ. ಮುಂದಿನ ವರ್ಷದ ಹಬ್ಬಕ್ಕೆ ತಿಂಗಳಿಗೆ 750 ಸಾಕು. ಅಲ್ಲಿಗೆ ಅಕ್ಟೋಬರ್‌ನಲ್ಲಿ 9,060. ನವೆಂಬರ್, ಜನವರಿ ಕಳೆದಂತೆ ಇನ್ನೂ ಇಳಿಯುತ್ತದೆ.

11,310 ಆಗುವುದೇ ಇಲ್ಲ ಅಂದರೆ? ಆಗ ಎಲ್ಲಕ್ಕೂ ಸ್ವಲ್ಪ ಸ್ವಲ್ಪ ಇಡಬೇಡಿ. ಹಾಗೆ ಮಾಡಿದರೆ ಯಾವುದೂ ತುಂಬುವುದಿಲ್ಲ. ತಪ್ಪಿದರೆ ದಂಡವೋ ಬಡ್ಡಿಯೋ ಬೀಳುವಂಥವು ಮೊದಲು: ಫೀಸು, ವಿಮೆ, ಸಾಲದ ಕಂತು. ಹಬ್ಬ ಆಮೇಲೆ. ಈ ವರ್ಷ ಹಬ್ಬಕ್ಕೆ 9,000 ಬದಲು 4,500 ಅಂತ ಜುಲೈಯಲ್ಲೇ ಮನೆಯವರೆಲ್ಲ ಒಪ್ಪಿಕೊಂಡರೆ ಸೆಪ್ಟೆಂಬರ್‌ನಲ್ಲಿ ಜಗಳ ಇರುವುದಿಲ್ಲ.

ಮೊತ್ತಕ್ಕೆ ಹತ್ತು ಪರ್ಸೆಂಟ್ ಜಾಸ್ತಿ ಸೇರಿಸಿಕೊಳ್ಳಿ. ಶಾಲೆ ಫೀಸು ಕಳೆದ ವರ್ಷದಷ್ಟೇ ಇರುವುದು ಅಪರೂಪ.

ಹಂತ 3: ನಿಮ್ಮ ದುಡ್ಡು ಬರುವ ರೀತಿಗೆ ತಕ್ಕ ಹಾಗೆ ಹಂಚಿ

ಸಂಬಳದವರಿಗೆ ಇದು ಎರಡು ನಿಮಿಷದ ಕೆಲಸ. ಸಂಬಳ ಬಿದ್ದ ಮಾರನೆಯ ದಿನ ಮೊತ್ತ ತಾನಾಗಿ ಬೇರೆ ಖಾತೆಗೆ ಹೋಗುವ ಹಾಗೆ ಬ್ಯಾಂಕಿಗೆ ಸೂಚನೆ ಕೊಟ್ಟುಬಿಡಿ. ತಿಂಗಳ ಕೊನೆಗೆ ಉಳಿದದ್ದನ್ನು ಇಡೋಣ ಅಂದರೆ ಉಳಿಯುವುದೇ ಇಲ್ಲ.

ಮಂಡ್ಯದ ರೈತರ ಮನೆಯ ಕತೆ ಬೇರೆ. ಅಲ್ಲಿ ದುಡ್ಡು ಎರಡು ಬಗೆಯಲ್ಲಿ ಬರುತ್ತದೆ. ಡೇರಿಯ ಬಟವಾಡೆ ಪದೇ ಪದೇ ಬರುತ್ತದೆ, ಸಣ್ಣದು. ಕಬ್ಬಿನ ಬಿಲ್ಲು ವರ್ಷಕ್ಕೊಮ್ಮೆ, ಕೆಲವು ಸಲ ಅದಕ್ಕಿಂತ ತಡವಾಗಿ ಬರುತ್ತದೆ, ದೊಡ್ಡದು. ಹಾಲಿನ ದುಡ್ಡನ್ನು ಮನೆ ಖರ್ಚಿಗೆ ಮತ್ತು ಸಣ್ಣ ಮುಡಿಪುಗಳಿಗೆ, ಕಬ್ಬಿನ ದುಡ್ಡನ್ನು ವರ್ಷದ ದೊಡ್ಡ ಖರ್ಚುಗಳಿಗೆ ಅಂತ ಮೊದಲೇ ಗೆರೆ ಎಳೆದುಕೊಳ್ಳಿ. ಎರಡನ್ನೂ ಬೆರೆಸಿದರೆ ಕಬ್ಬಿನ ಬಿಲ್ಲು ನಾಲ್ಕೇ ತಿಂಗಳಲ್ಲಿ ಅಕ್ಕಿ, ಎಣ್ಣೆ, ರೀಚಾರ್ಜ್ ಆಗಿ ಕರಗಿಹೋಗುತ್ತದೆ.

ಹಾಲಿನ ದುಡ್ಡಿನಲ್ಲೂ ಒಂದು ತಿರುವಿದೆ. ಕರು ಹಾಕುವ ಮುಂಚೆ ಸುಮಾರು ಎರಡು ತಿಂಗಳು ಹಸುವಿನ ಹಾಲು ಬತ್ತಿಸಬೇಕು. ಆಗ ಬಟವಾಡೆ ಇಲ್ಲ. ಹಿಂಡಿ, ಬೂಸಾ ಮಾತ್ರ ನಿಲ್ಲುವುದಿಲ್ಲ. ಒಂದೇ ಹಸು ಇರುವ ಮನೆ ಆ ಎರಡು ತಿಂಗಳಲ್ಲೇ ಸಾಲಕ್ಕೆ ಬೀಳುತ್ತದೆ. ಗಬ್ಬ ನಿಂತ ದಿನ ಗೊತ್ತಿದ್ದರೆ ಬತ್ತಿಸುವ ತಿಂಗಳೂ ಗೊತ್ತಾಯಿತು. ಹಾಲು ಚೆನ್ನಾಗಿ ಕೊಡುವ ತಿಂಗಳುಗಳಲ್ಲಿ ಪ್ರತಿ ಬಟವಾಡೆಯಿಂದ ಒಂದಿಷ್ಟನ್ನು 'ಬತ್ತಿದ ತಿಂಗಳು' ಅಂತಲೇ ಹೆಸರು ಬರೆದು ತೆಗೆದಿಡಿ.

ಕಬ್ಬಿನ ಬಿಲ್ಲು ಬಂದ ದಿನ ಹಂಚುವುದು ಹೀಗೆ. ಕಟಾವು, ಸಾಗಣೆ ಕಳೆದು ಕೈಗೆ 1,50,000 ಬಂತು ಅನ್ನಿ. ಮೊದಲು ಬೆಳೆ ಸಾಲ 60,000. ಸಹಕಾರ ಸಂಘದ ಬೆಳೆ ಸಾಲಕ್ಕೆ ಬಡ್ಡಿ ಇಲ್ಲ ಅನ್ನುವುದು ಗಡುವಿನೊಳಗೆ ಕಟ್ಟಿದವರಿಗೆ ಮಾತ್ರ. ಗಡುವಿನ ದಿನ ಯಾರ ಹತ್ತಿರವೋ ಎರಡು ದಿನಕ್ಕೆ ಕೈಸಾಲ ಎತ್ತಿ ಕಟ್ಟಿ, ಹೊಸ ಸಾಲ ಬಂದ ಮೇಲೆ ಅದನ್ನು ತೀರಿಸುವ ಪದ್ಧತಿ ಊರೂರಲ್ಲೂ ಇದೆ. ಆ ಎರಡು ದಿನಕ್ಕೆ ಕೊಡುವ ದುಡ್ಡು ಕೇಳಿದರೆ ಬಡ್ಡಿ ಇಲ್ಲದ ಸಾಲಕ್ಕೆ ಅರ್ಥವೇ ಇರುವುದಿಲ್ಲ. ನಂತರ ಕೂಳೆ ಬೆಳೆಯ ಗೊಬ್ಬರ, ಆಳಿಗೆ 35,000. ಮಕ್ಕಳ ಫೀಸಿಗೆ 25,000. ಹಬ್ಬ, ಮುಯ್ಯಿಗೆ 15,000. ಉಳಿದದ್ದು 15,000. ಟಿವಿ, ಬೈಕು, ಒಡವೆಯ ಮಾತು ಈ 15,000ದ ಮೇಲೆ ಮಾತ್ರ ನಡೆಯಬೇಕು.

ಕಬ್ಬು ಸರಬರಾಜಾದ 14 ದಿನದೊಳಗೆ ಬಿಲ್ಲು ಕೊಡಬೇಕು, ತಡವಾದರೆ ವರ್ಷಕ್ಕೆ 15 ಪರ್ಸೆಂಟ್ ಬಡ್ಡಿ ಸೇರಿಸಬೇಕು ಅಂತ 1966ರ ಕಬ್ಬು ನಿಯಂತ್ರಣ ಆದೇಶವೇ ಹೇಳುತ್ತದೆ. ಆದರೆ ಕಾನೂನಿನ ದಿನವನ್ನು ನಂಬಿ ಮದುವೆ ಛತ್ರಕ್ಕೆ ಮುಂಗಡ ಕೊಡುವುದು ಬೇಡ. ಖಾತೆಗೆ ಬೀಳದ ದುಡ್ಡಿಗೆ ಹೆಸರಿಡಬೇಡಿ.

ಗೃಹಲಕ್ಷ್ಮಿ ಹಣದ ಬಗ್ಗೆಯೂ ಇದೇ ಮಾತು. 2023ರ ಆಗಸ್ಟ್ 30ರಂದು ಮೈಸೂರಿನಲ್ಲೇ ಚಾಲನೆಯಾದ ಈ ಯೋಜನೆಯಲ್ಲಿ ಮನೆಯೊಡತಿಗೆ ತಿಂಗಳಿಗೆ 2,000. ಕೆಲವು ಸಲ ಎರಡು ಮೂರು ತಿಂಗಳದ್ದು ಒಟ್ಟಿಗೆ ಬರುತ್ತದೆ. ಒಟ್ಟಿಗೆ 6,000 ಬಂದರೆ ಹಬ್ಬ ಬಂದ ಹಾಗೆ ಅನ್ನಿಸುವುದು ಸಹಜ, ಆದರೆ ಅದು ಮೂರು ತಿಂಗಳ ಪಾಲು. ನನ್ನ ಸಲಹೆ ಕೇಳಿದರೆ ಈ ಹಣಕ್ಕೆ ಒಂದೇ ಹೆಸರು ಕೊಡಿ. ಶಾಲೆ ಅಂದರೆ ಪೂರ್ತಿ ಶಾಲೆಗೆ. ವರ್ಷಕ್ಕೆ 24,000 ಆಗುತ್ತದೆ, ಬಹಳ ಮನೆಗಳಲ್ಲಿ ಒಂದು ಮಗುವಿನ ವರ್ಷದ ಖರ್ಚು ಅಷ್ಟರಲ್ಲಿ ತೂಗುತ್ತದೆ. ಪಿಎಂ ಕಿಸಾನ್‌ನ 2,000ದ ಮೂರು ಕಂತುಗಳನ್ನು ಗೊಬ್ಬರಕ್ಕೆ ಅಂತ ಇಟ್ಟರೆ ಆಯಿತು.

ಹಂತ 4: ಎಲ್ಲಿ ಇಡುವುದು

ಮೂರು ತಿಂಗಳೊಳಗೆ ಬೇಕಾದ ದುಡ್ಡಿಗೆ ಬಡ್ಡಿ ನೋಡಬೇಡಿ. ಇನ್ನೊಂದು ಉಳಿತಾಯ ಖಾತೆ ಸಾಕು. ಆ ಖಾತೆಗೆ ಫೋನ್‌ಪೇ ಜೋಡಿಸಬೇಡಿ, ಎಟಿಎಂ ಕಾರ್ಡು ಜೇಬಿನಲ್ಲಿ ಇಟ್ಟುಕೊಳ್ಳಬೇಡಿ. ಜನ್‌ಧನ್‌ನಂಥ ಝೀರೋ ಬ್ಯಾಲೆನ್ಸ್ ಖಾತೆ ಇರುವವರಿಗೆ ಅದೇ ಬ್ಯಾಂಕಿನಲ್ಲಿ ಇನ್ನೊಂದು ಉಳಿತಾಯ ಖಾತೆ ತೆರೆಯಲು ನಿಯಮ ಬಿಡುವುದಿಲ್ಲ. ಬೇರೆ ಬ್ಯಾಂಕಿಗೋ ಅಂಚೆ ಕಚೇರಿಗೋ ಹೋಗಿ. ಅಂಚೆಯಲ್ಲಿ 500 ರೂಪಾಯಿಗೆ ಖಾತೆ ಆಗುತ್ತದೆ. ಡಬ್ಬಿಯಲ್ಲಿ ನಗದು ಇಡುವುದಾದರೆ ಹಬ್ಬ, ಬಾಗಿನದಂಥ ಸಣ್ಣ ಬಾಬತ್ತಿಗೆ ಮಾತ್ರ.

ಒಂದು ವರ್ಷದ ಖರ್ಚಿಗೆ ಬ್ಯಾಂಕಿನ ಆರ್‌ಡಿ ಚೆನ್ನ. ಫೀಸಿನ ತಿಂಗಳಿಗೆ ಸರಿಯಾಗಿ ಮುಗಿಯುವ ಹಾಗೆ ಅವಧಿ ಕೇಳಿ ತೆರೆಯಿರಿ. ಮೇ 20ಕ್ಕೆ ಫೀಸು ಕಟ್ಟಬೇಕಾದರೆ ಮೇ ಮೊದಲ ವಾರ ದುಡ್ಡು ಕೈಗೆ ಬರಬೇಕು. ಇಲ್ಲಿ ಬಹಳ ಜನ ಎಡವುವುದು ಅಂಚೆ ಆರ್‌ಡಿಯಲ್ಲಿ. ತಿಂಗಳಿಗೆ 100 ರೂಪಾಯಿಯಿಂದ ಶುರು ಮಾಡಬಹುದು, ಸರ್ಕಾರದ ಭದ್ರತೆ ಇದೆ, ಎಲ್ಲ ಸರಿ. ಆದರೆ ಅದರ ಅವಧಿ 5 ವರ್ಷ. ಮೂರು ವರ್ಷ ತುಂಬುವ ಮುಂಚೆ ಮುಚ್ಚಲು ಆಗುವುದಿಲ್ಲ. ಮೂರರ ಮೇಲೆ ಮುಚ್ಚಿದರೂ ಉಳಿತಾಯ ಖಾತೆಯ ಬಡ್ಡಿಯಷ್ಟೇ ಸಿಗುತ್ತದೆ. ಹನ್ನೆರಡು ಕಂತು ಕಟ್ಟಿದ ಮೇಲೆ ಜಮೆಯ ಅರ್ಧದವರೆಗೆ ಸಾಲ ಸಿಗುತ್ತದೆ, ಅಷ್ಟೇ. ಮುಂದಿನ ಮೇ ತಿಂಗಳ ಫೀಸಿಗೆ ಅಂಚೆ ಆರ್‌ಡಿ ತೆರೆದರೆ ಫೀಸಿನ ದಿನ ಕೈ ಖಾಲಿ. ಐದು ವರ್ಷ ಬಿಟ್ಟು ಬರುವ ಪಿಯುಸಿಗೋ ಮನೆಯ ತಾರಸಿಗೋ ಅದು ಸರಿಯಾದ ಜಾಗ. ಕಬ್ಬಿನ ಬಿಲ್ಲಿನಂಥ ಒಂದೇ ಸಲದ ದುಡ್ಡಿಗೆ ಆರ್‌ಡಿ ಬೇಡ, ಒಂದು ವರ್ಷದ ಠೇವಣಿ ಸಾಕು.

ಹೆಣ್ಣುಮಗುವಿನ ಓದಿಗೆ ಅಂತ ಹೆಸರಿಡುವುದಾದರೆ ಸುಕನ್ಯಾ ಸಮೃದ್ಧಿ. ಮಗುವಿಗೆ 10 ವರ್ಷ ತುಂಬುವ ಮುಂಚೆ ತೆರೆಯಬೇಕು. ವರ್ಷಕ್ಕೆ ಕನಿಷ್ಠ 250, ಗರಿಷ್ಠ ಒಂದೂವರೆ ಲಕ್ಷ. 15 ವರ್ಷ ಕಟ್ಟಬೇಕು, ಖಾತೆ ತೆರೆದು 21 ವರ್ಷಕ್ಕೆ ಪೂರ್ತಿ ಕೈಗೆ. ಮಗಳಿಗೆ 18 ತುಂಬಿದರೆ ಅಥವಾ ಹತ್ತನೇ ತರಗತಿ ಪಾಸಾದರೆ ಓದಿಗೆ ಅರ್ಧದವರೆಗೆ ತೆಗೆಯಬಹುದು. ತೆಗೆಯುವುದು ಕಷ್ಟ ಇರುವುದೇ ಇದರ ಒಳ್ಳೆಯ ಗುಣ.

ಇನ್ನು ಊರಿನ ಚೀಟಿ, ಸೊಸೈಟಿ, ಒಡವೆ ಅಂಗಡಿಯ ಕಂತು. ಬ್ಯಾಂಕಿನಲ್ಲಿಟ್ಟ ಹಣಕ್ಕೆ ಒಬ್ಬರಿಗೆ ಒಂದು ಬ್ಯಾಂಕಿನಲ್ಲಿ ಬಡ್ಡಿ ಸೇರಿ 5 ಲಕ್ಷದವರೆಗೆ ವಿಮೆ ಇದೆ. 2020ರ ಫೆಬ್ರುವರಿಯಲ್ಲಿ ಅದು 1 ಲಕ್ಷದಿಂದ 5ಕ್ಕೆ ಏರಿತು. ಸಹಕಾರಿ ಬ್ಯಾಂಕುಗಳಿಗೂ ಆ ರಕ್ಷಣೆ ಇದೆ. ಆದರೆ ಪತ್ತಿನ ಸಹಕಾರ ಸಂಘಗಳಿಗೆ ಇಲ್ಲ. ಬೋರ್ಡಿನಲ್ಲಿ ಬ್ಯಾಂಕ್ ಅಂತ ಇದೆಯೋ ಸಂಘ ಅಂತ ಇದೆಯೋ ಒಮ್ಮೆ ಓದಿ. ಅರ್ಧ ಪರ್ಸೆಂಟ್ ಜಾಸ್ತಿ ಬಡ್ಡಿಗೆ ಮಗಳ ಫೀಸಿನ ದುಡ್ಡನ್ನು ಅಲ್ಲಿ ಇಡುವುದು ನನಗೆ ಸರಿ ಕಾಣುವುದಿಲ್ಲ.

ಚೀಟಿಗೆ ನಾನು ವಿರೋಧಿಯೇನಲ್ಲ. 1982ರ ಚಿಟ್ ಫಂಡ್ ಕಾಯ್ದೆಯಡಿ ನೋಂದಾಯಿಸಿದ ಚೀಟಿಗಳಿವೆ, ಸರ್ಕಾರಿ ಸಂಸ್ಥೆಯಾದ ಎಂಎಸ್‌ಐಎಲ್ ಕೂಡ ಚೀಟಿ ನಡೆಸುತ್ತದೆ. ಆದರೆ ತಾರೀಖು ಗೊತ್ತಿರುವ ಖರ್ಚಿಗೆ ಚೀಟಿ ಹೊಂದುವುದಿಲ್ಲ. ನಿಮಗೆ ಬೇಕಾದ ತಿಂಗಳೇ ಇನ್ನೂ ನಾಲ್ಕು ಜನಕ್ಕೂ ಬೇಕಿರುತ್ತದೆ. ಮೇ ತಿಂಗಳಲ್ಲಿ ಪೈಪೋಟಿಗೆ ಬಿದ್ದು ಕೂಗಿ, ಜಾಸ್ತಿ ಬಿಟ್ಟುಕೊಟ್ಟು ಎತ್ತಬೇಕಾಗುತ್ತದೆ. ನೋಂದಣಿ ಇಲ್ಲದ ಚೀಟಿಯಾದರೆ ನಡೆಸುವವರು ಮನೆ ಖಾಲಿ ಮಾಡಿದ ದಿನ ಕೈಯಲ್ಲಿ ಒಂದು ಚೀಟಿಯೂ ಇರುವುದಿಲ್ಲ.

ಹಂತ 5: ಒಂದು ಪುಸ್ತಕ, ಬೇರೆ ಬೇರೆ ಪುಟ

ಆರು ಖರ್ಚಿಗೆ ಆರು ಖಾತೆ ತೆರೆಯಲು ಹೋಗಬೇಡಿ. ಆರ್‌ಡಿ, ಠೇವಣಿ ಬಿಟ್ಟು ಮಿಕ್ಕ ದುಡ್ಡು ಒಂದೇ ಖಾತೆಯಲ್ಲಿ ಇರಲಿ, ಹೆಸರುಗಳು ಪುಸ್ತಕದಲ್ಲಿ ಇರಲಿ. ಒಂದು ನೂರು ಪುಟದ ನೋಟ್‌ಬುಕ್ ಸಾಕು. ಒಂದೊಂದು ಖರ್ಚಿಗೆ ಒಂದೊಂದು ಪುಟ. ಮೇಲೆ ಹೆಸರು, ಬೇಕಾದ ಮೊತ್ತ, ತಿಂಗಳು. ಕೆಳಗೆ ತಾರೀಖು, ಹಾಕಿದ್ದು, ತೆಗೆದದ್ದು, ಇರುವುದು. ತಿಂಗಳಿಗೊಮ್ಮೆ ಎಲ್ಲ ಪುಟಗಳ 'ಇರುವುದು' ಕೂಡಿಸಿ ನೋಡಿ. ಖಾತೆಯ ಬ್ಯಾಲೆನ್ಸು, ಆರ್‌ಡಿ, ಠೇವಣಿ ಸೇರಿದ ಮೊತ್ತಕ್ಕೆ ಅದು ತಾಳೆಯಾಗಬೇಕು. ಸಣ್ಣ ವ್ಯತ್ಯಾಸ ಬಡ್ಡಿಯದ್ದೋ ಬ್ಯಾಂಕ್ ಚಾರ್ಜಿನದ್ದೋ ಇರುತ್ತದೆ. ದೊಡ್ಡ ವ್ಯತ್ಯಾಸ ಇದ್ದರೆ ಮನೆಯಲ್ಲಿ ಯಾರೋ ತೆಗೆದಿದ್ದಾರೆ ಅಂತ. ಕೇಳಿಬಿಡಿ, ಮುಚ್ಚಿಡಬೇಡಿ.

ಫೋನಿನಲ್ಲಿ ಲೆಕ್ಕ ಇಡುವವರು ಇಡಬಹುದು. ಆದರೆ ಪುಸ್ತಕ ಮನೆಯ ಎಲ್ಲರ ಕಣ್ಣಿಗೂ ಬೀಳುತ್ತದೆ, ಅದು ಒಂದು ಅನುಕೂಲ.

ಹಂತ 6: ಕೈ ಹಾಕುವ ನಿಯಮ

ಹೆಸರಿಟ್ಟ ದುಡ್ಡನ್ನು ಇಬ್ಬರೂ ಒಪ್ಪದೆ ತೆಗೆಯಬಾರದು. ಒಂದು ಪುಟದಿಂದ ಇನ್ನೊಂದಕ್ಕೆ ಸಾಲ ತೆಗೆಯಬೇಕಾಗಿ ಬಂದರೆ ತೆಗೆಯಿರಿ, ಆದರೆ ಎರಡೂ ಪುಟದಲ್ಲಿ ಬರೆಯಿರಿ. ಯಾವ ತಿಂಗಳು ವಾಪಸ್ ಹಾಕುತ್ತೇವೆ ಅಂತಲೂ ಅಲ್ಲೇ ಬರೆಯಿರಿ. ಹಬ್ಬದ ಪುಟದಿಂದ ಫೀಸಿಗೆ ತೆಗೆಯಬಹುದು. ಫೀಸಿನ ಪುಟದಿಂದ ಹಬ್ಬಕ್ಕೆ ತೆಗೆಯುವಂತಿಲ್ಲ.

ಕಷ್ಟ ಬರುವುದು ಹೊರಗಿನವರು ಕೇಳಿದಾಗ. ಕಬ್ಬಿನ ಬಿಲ್ಲು ಬಂದದ್ದು ಊರಿಗೆಲ್ಲ ಗೊತ್ತಿರುತ್ತದೆ. ಅದೇ ವಾರ ಯಾರಾದರೂ ಕೈಸಾಲ ಕೇಳಿಕೊಂಡು ಬರುತ್ತಾರೆ. ದುಡ್ಡಿಲ್ಲ ಅಂದರೆ ಸುಳ್ಳಾಗುತ್ತದೆ, ಮುಖಕ್ಕೆ ಹೊಡೆದ ಹಾಗೂ ಆಗುತ್ತದೆ. "ಇಲ್ಲ ಕಣಣ್ಣ, ಅದು ಹೈದನ ಫೀಸಿಗೆ ಬ್ಯಾಂಕಿಗೆ ಹಾಕ್ಬುಟ್ಟಿವ್ನಿ, ಮೇ ತಂಕ ಬರಲ್ಲ" ಅಂದರೆ ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ. ಇದು ನಿಜವೂ ಆಗಿರಬೇಕಾದರೆ ಬಿಲ್ಲು ಬಂದ ಎರಡು ಮೂರು ದಿನದೊಳಗೆ ಹಂಚಿ ಮುಗಿಸಬೇಕು. ನೆಂಟರಿಗೆ ಕೊಡಲೇಬೇಕಾದ ಮನೆಗಳಿವೆ, ಅದು ನನಗೂ ಗೊತ್ತು. ಹಾಗಿದ್ದರೆ 'ಕೈಸಾಲ' ಅಂತಲೇ ಒಂದು ಪುಟ ಮಾಡಿ ವರ್ಷಕ್ಕೆ ಇಷ್ಟು ಅಂತ ಇಡಿ. ಆ ಪುಟ ಖಾಲಿಯಾದರೆ ಆ ವರ್ಷಕ್ಕೆ ಮುಗಿಯಿತು.

ಖರ್ಚು ಮುಗಿದ ಮೇಲೆ ದುಡ್ಡು ಉಳಿದರೆ, ಉದಾಹರಣೆಗೆ ಫೀಸಿಗೆ 42,350 ಕೂಡಿ 41,000 ಮಾತ್ರ ಖರ್ಚಾದರೆ, ಉಳಿದ 1,350 ಅದೇ ಪುಟದಲ್ಲಿ ಮುಂದಿನ ವರ್ಷದ ಮೊದಲ ಸಾಲಾಗಲಿ. ಕಡಿಮೆ ಬಿದ್ದರೆ ಎಷ್ಟು ಕಡಿಮೆ ಬಿತ್ತು, ಯಾಕೆ ಅಂತ ಪುಟದ ಕೆಳಗೆ ಒಂದು ಸಾಲು ಬರೆದಿಡಿ. ಸಮವಸ್ತ್ರದ ರೇಟು ಏರಿತೋ, ವ್ಯಾನಿನ ಮುಂಗಡ ಮರೆತಿತ್ತೋ? ಯುಗಾದಿಗೆ ಹೊಸ ಪುಸ್ತಕ ಮಾಡುವಾಗ ಬೇಕಾಗುವುದು ಆ ಸಾಲುಗಳೇ.

ನಡುವೆ ಎರಡು ಮೂರು ತಿಂಗಳು ಏನೂ ಹಾಕಲು ಆಗದೆ ಹೋದರೆ ಹಳೆಯ ಬಾಕಿಯನ್ನೆಲ್ಲ ಒಂದೇ ಸಲ ತುಂಬಲು ಹೋಗಬೇಡಿ. ಪುಟದಲ್ಲಿ ಇರುವುದನ್ನು ಕಳೆದು, ಇನ್ನೂ ಬೇಕಾದ ಮೊತ್ತವನ್ನು ಉಳಿದ ತಿಂಗಳುಗಳಿಂದ ಮತ್ತೆ ಭಾಗಿಸಿ. ಹೊಸ ಅಂಕಿ ಹಳೆಯದಕ್ಕಿಂತ ಜಾಸ್ತಿ ಇರುತ್ತದೆ. ಅದು ಆಗುವಂಥದ್ದಾದರೆ ಮುಂದುವರಿಸಿ. ಆಗದಿದ್ದರೆ ಶಾಲೆಯಲ್ಲಿ ಎರಡು ಕಂತಿನಲ್ಲಿ ಕಟ್ಟಲು ಬಿಡುತ್ತಾರಾ ಅಂತ ಮಾರ್ಚ್‌ನಲ್ಲೇ ಹೋಗಿ ಕೇಳಿ. ಮೇ ತಿಂಗಳ ನೂಕುನುಗ್ಗಲಲ್ಲಿ ಕೇಳಿದರೆ ಆ ಮಾತು ಕೇಳಿಸಿಕೊಳ್ಳಲು ಯಾರಿಗೂ ಪುರುಸೊತ್ತು ಇರುವುದಿಲ್ಲ.